ಗವಿಯಪ್ಪನ ನೆತ್ತಿ ಮತ್ತು ಪುನುಗುಬೆಕ್ಕಿನ ಪಥ್ಯ

ಕಲ್ಲುಗುಡ್ಡಗಳೇ ತುಂಬಿದ್ದ ಒಂದು ಕಾಡಿನಲ್ಲಿ ಗವಿಯಪ್ಪ ಎಂಬ ಕರಡಿ ಇದ್ದ. ಅವನ ಹೆಂಡತಿ ಹಿಂದಿನ ಬೇಸಿಗೆಯಲ್ಲಿ ಬಂಡೆ ಉರುಳಿ ಸತ್ತಿದ್ದಳು. ತುಂಬಿ ಎಂಬ ಪುಟ್ಟ ಮಗಳೊಬ್ಬಳೇ ಅವನಿಗೆ ಉಳಿದಿದ್ದಳು. ಕರಡಿಮರಿಗಳು ತಾಯಿಯ ಬೆನ್ನೇರಿ ಓಡಾಡುತ್ತವೆ. ತಾಯಿ ಇಲ್ಲದ ತುಂಬಿ ಅಪ್ಪನ ಬೆನ್ನೇರಿದಳು. ಅವನ ಹೆಗಲ ಮೇಲಿನ ಉದ್ದ ಕೂದಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡು ಇಡೀ ಗುಡ್ಡ ಸುತ್ತುತ್ತಿದ್ದಳು.

ಹಳ್ಳದ ಆಚೆ ಒಂದು ಚಿರತೆ ಇತ್ತು. ಎರಡು ವರ್ಷದ ಹಿಂದೆ ಅದು ಒಮ್ಮೆ ಹಳ್ಳ ದಾಟಿ ಬಂದಿತ್ತು. ಗವಿಯಪ್ಪ ಎದ್ದು ನಿಂತು ಒಂದೇ ಏಟಿಗೆ ಅದರ ಕಿವಿ ಹರಿದಿದ್ದ. ಅಂದಿನಿಂದ ಚಿರತೆ ಈಚೆ ಕಾಲಿಟ್ಟಿರಲಿಲ್ಲ. ಮೊಲ, ನವಿಲು, ಮುಳ್ಳುಹಂದಿ ಎಲ್ಲವೂ ಆ ಗುಡ್ಡದಲ್ಲಿ ನಿಶ್ಚಿಂತೆಯಿಂದ ಇದ್ದವು.

ಗವಿಯಪ್ಪನಿಗೆ ಏಳು ವರ್ಷ ತುಂಬಿದಾಗ ತಲೆಯ ಕೂದಲು ಉದುರತೊಡಗಿತು. ಮೊದಲು ಹಣೆಯ ಎರಡೂ ಬದಿ ತೆಳುವಾಯಿತು. ಆಮೇಲೆ ನಡುನೆತ್ತಿಯಲ್ಲಿ ಅಂಗೈಯಷ್ಟು ಜಾಗ ಬರಿದಾಯಿತು. ಒಂದು ದಿನ ಬಂಡೆಯ ದೊಣೆಯಲ್ಲಿ ನೀರು ಕುಡಿಯಲು ಬಗ್ಗಿದವನು ತನ್ನ ತಲೆಯನ್ನು ತಾನೇ ಕಂಡು ಬೆಚ್ಚಿದ. ಮೇಲೆ ಮರದಲ್ಲಿದ್ದ ಕೋತಿಯೊಂದು ಹಲ್ಲು ಕಿರಿದು, "ನೋಡ್ರೋ, ಕರಡಿ ತಲೆಯ ಮೇಲೆ ಕಲ್ಲು ಹೊತ್ತುಕೊಂಡು ಬಂದಿದೆ!" ಎಂದು ಕೂಗಿತು. ಮರವೆಲ್ಲ ನಕ್ಕಿತು. ಬೆನ್ನ ಮೇಲಿದ್ದ ತುಂಬಿ, "ಯಾಕಪ್ಪಾ ನಗ್ತಾರೆ?" ಎಂದು ಕೇಳಿದಳು. ಗವಿಯಪ್ಪ ಗವಿಗೆ ಹೊರಟುಬಿಟ್ಟ.

ಇದನ್ನೆಲ್ಲ ಒಂದು ಮರದ ಪೊಟರೆಯೊಳಗಿಂದ ಪುನುಗುಬೆಕ್ಕು ನೋಡುತ್ತಿತ್ತು. ಅದರ ಹೆಸರು ಗಂಧಯ್ಯ. ಗಂಧಯ್ಯನಿಗೆ ಜೇನೆಂದರೆ ಪ್ರಾಣ. ಆದರೆ ಹೆಜ್ಜೇನಿನ ಹುಟ್ಟು ಕಿತ್ತು ತರುವ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಕರಡಿ ತಿಂದು ಬಿಟ್ಟ ಮೇಣ ನೆಕ್ಕಿಕೊಂಡೇ ಇಷ್ಟು ದಿನ ಕಳೆದಿತ್ತು.

ಆ ಸಂಜೆ ಗಂಧಯ್ಯ ಗವಿಯ ಬಾಗಿಲಿಗೆ ಬಂತು. ಮೈಗೆಲ್ಲ ಪುನುಗು ಪೂಸಿಕೊಂಡು ಘಮಘಮ ಅನ್ನುತ್ತಿತ್ತು.

"ಗವಿಯಪ್ಪಣ್ಣಾ, ನಿಮ್ಮ ತಲೆ ನೋಡಿ ನನಗೆ ಕರುಳು ಹಿಂಡಿದ ಹಾಗಾಯ್ತು. ಆ ಕೋತಿಗಳು ನಕ್ಕರೆ ನಗಲಿ. ನನಗೆ ಭಯ ಆಗಿರೋದು ಚಿರತೆಯದು."

"ಚಿರತೆಗೂ ನನ್ನ ತಲೆಗೂ ಏನು ಸಂಬಂಧ?"

"ನಿಮ್ಮ ಕೂದಲು ನೋಡಿಯೇ ಅಲ್ಲವಾ ಅದು ಹೆದರ್ತಿದ್ದದ್ದು? ನೆತ್ತಿ ಬೋಳಾಗಿದೆ ಅಂತ ಗೊತ್ತಾದ ದಿನ ಹಳ್ಳ ದಾಟಿ ಬರುತ್ತೆ. ಮನೆಯಲ್ಲಿ ಹೆಣ್ಣುಮಗು ಬೇರೆ ಇದೆ."

ಗವಿಯಪ್ಪ ನಿದ್ದೆ ಹೋಗಿದ್ದ ಮಗಳ ಕಡೆ ನೋಡಿದ. "ಇದಕ್ಕೆ ಮದ್ದು ಇದೆಯಾ ಪಂಡಿತರೇ?" ಎಂದ. ಗಂಧಯ್ಯನನ್ನು ಅದುವರೆಗೆ ಯಾರೂ ಪಂಡಿತರೇ ಅಂದಿರಲಿಲ್ಲ.

"ಇದೆ. ತಪ್ಪು ನಿಮ್ಮ ಊಟದ್ದು. ಜೇನು ಉಷ್ಣ, ನೆತ್ತಿಯನ್ನು ಸುಡುತ್ತೆ. ಹಣ್ಣಿನ ಹುಳಿ ಕೂದಲಿನ ಬುಡ ಕೊರೆಯುತ್ತೆ. ಗೆದ್ದಲು ತಿಂದರೆ ರಕ್ತ ಕೆಡುತ್ತೆ. ಇವತ್ತಿನಿಂದ ಬೇವಿನ ಸೊಪ್ಪು ಬಿಟ್ಟು ಬೇರೇನೂ ಮುಟ್ಟಬಾರದು. ಹಗಲು ಮಲಗಬಾರದು. ಬಿಸಿಲಲ್ಲಿ ಗುಡ್ಡ ಹತ್ತಿ ಇಳಿಯಬೇಕು. ನೆತ್ತಿಗೆ ನನ್ನ ಪುನುಗು ಹಚ್ಚಬೇಕು."

"ಮತ್ತೆ ಬಂಡೆಯಲ್ಲಿ ಕಟ್ಟಿರೋ ಜೇನು?"

"ಅದರ ವಾಸನೆ ಇದ್ದರೂ ಮದ್ದು ನಾಟೋದಿಲ್ಲ. ಎಲ್ಲ ಕಿತ್ತು ತಂದು ನನ್ನ ಪೊಟರೆ ಹತ್ತಿರ ಹಾಕಿಬಿಡಿ. ಆ ವಿಷ ಏನಾದರೂ ಮಾಡಿ ನಾನೇ ತಿಂದು ಮುಗಿಸ್ತೀನಿ. ನಿಮಗೋಸ್ಕರ ಅಷ್ಟೂ ಮಾಡದೇ ಇರಲಾ?"

ಗವಿಯಪ್ಪನ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನವೇ ಮೂರು ಹುಟ್ಟು ಕಿತ್ತು ತಂದು ಕೊಟ್ಟ. ಅವನ ಮೂಗೆಲ್ಲ ಜೇನು ಕಚ್ಚಿ ಊದಿತ್ತು. ಬೆರಳು ಕೂಡ ನೆಕ್ಕಿಕೊಳ್ಳಲಿಲ್ಲ, ಮಣ್ಣಿಗೆ ಒರೆಸಿಕೊಂಡ.

ಗವಿಯಪ್ಪನಿಗೆ ಬಾಳವ್ವ ಎಂಬ ಸೋದರತ್ತೆ ಇದ್ದಳು. ಮುಪ್ಪಾದ ಕರಡಿ, ಗುಡ್ಡದ ಕೆಳಗಿನ ಗುಹೆಯಲ್ಲಿ ಒಬ್ಬಳೇ ಇದ್ದಳು. ಅಳಿಯ ಬೇವಿನ ಸೊಪ್ಪು ಅಗಿಯುವುದನ್ನು ನೋಡಿ ಅವಳು ಗವಿಗೆ ಹತ್ತಿ ಬಂದಳು.

"ಯಾವ ಹುಚ್ಚು ಹಿಡಿಯಿತು ನಿನಗೆ? ನಿಮ್ಮಪ್ಪ ನನ್ನ ತಮ್ಮ. ನಿನ್ನ ವಯಸ್ಸಿಗೆ ಅವನ ತಲೆಯೂ ಹೀಗೇ ಆಗಿತ್ತು. ಅವರಪ್ಪನದೂ ಹೀಗೇ. ನಾನೂ ಹುಟ್ಟಿದಾಗಿನಿಂದ ಇದೇ ಜೇನು, ಇದೇ ಹಣ್ಣು ತಿಂದವಳು. ನನ್ನ ತಲೆ ನೋಡು, ಒಂದು ಕೂದಲು ಅಲ್ಲಾಡಿಲ್ಲ. ಇದು ನಿಮ್ಮ ಗಂಡುಮಕ್ಕಳಿಗೆ ರಕ್ತದಲ್ಲಿ ಬಂದದ್ದು ಕಣೋ, ಊಟದಲ್ಲಿ ಬಂದದ್ದಲ್ಲ."

ಗವಿಯಪ್ಪ ಇನ್ನೊಂದು ಹಿಡಿ ಸೊಪ್ಪು ಬಾಯಿಗೆ ಹಾಕಿಕೊಂಡ.

"ನಂಬಿಕೆ ಇಲ್ಲದಿದ್ದರೆ ಆಚೆ ಗುಡ್ಡದಲ್ಲಿರೋ ನಿನ್ನ ಅಣ್ಣನ್ನ ನೋಡಿಕೊಂಡು ಬಾ. ಅಲ್ಲಿ ಜೇನೇ ಇಲ್ಲ. ಅವನ ನೆತ್ತಿಯೂ ನುಣ್ಣಗಿದೆ."

ಈ ಮಾತು ಗವಿಯಪ್ಪನಿಗೆ ನಾಟಿತು. ಗಂಧಯ್ಯನ ಹತ್ತಿರ ಹೋಗಿ ಹೇಳಿದ. ಬಾಯಿಯ ಜೇನು ಒರೆಸಿಕೊಂಡ ಗಂಧಯ್ಯ ಒಂದು ಗಳಿಗೆಯೂ ತಡವರಿಸಲಿಲ್ಲ.

"ನಿಮ್ಮಣ್ಣ ಜೇನು ತಿನ್ನೋದಿಲ್ಲ, ಸರಿ. ಹಗಲು ಮಲಗ್ತಾರೋ ಇಲ್ಲವೋ?"

"ಮಲಗ್ತಾನೆ."

"ನೋಡಿದಿರಾ! ಅದೇ ಕಾರಣ."

ಗವಿಯಪ್ಪ ತಲೆಯಾಡಿಸಿ ಬಂದ. ರಕ್ತದಲ್ಲಿ ಬಂದದ್ದು ಎಂದರೆ ಮಾಡುವುದೇನೂ ಇಲ್ಲ. ಊಟದ ತಪ್ಪು ಎಂದರೆ ತಿದ್ದಿಕೊಳ್ಳಬಹುದು. ಅವನಿಗೆ ತಿದ್ದಿಕೊಳ್ಳುವ ಮಾತೇ ಬೇಕಾಗಿತ್ತು.

ಒಂದು ತಿಂಗಳು ಕಳೆಯಿತು. ಗವಿಯಪ್ಪನ ಪಕ್ಕೆಲುಬು ಎದ್ದು ಕಂಡವು. ನಡೆಯುವಾಗ ಹಿಂಗಾಲು ಎಳೆಯತೊಡಗಿದವು. ನೆತ್ತಿಯಲ್ಲಿ ಒಂದು ಎಳೆಯೂ ಹುಟ್ಟಲಿಲ್ಲ. ಬದಲಿಗೆ ಇದುವರೆಗೆ ದಟ್ಟವಾಗಿದ್ದ ಮೈಯ ಕೂದಲು ಉದುರಲು ಶುರುವಾಯಿತು. ಎಲ್ಲಿ ಮೈ ಒರಗಿಸಿದರೆ ಅಲ್ಲಿ ಕಪ್ಪು ಕೂದಲಿನ ಗುಪ್ಪೆ ಬೀಳುತ್ತಿತ್ತು.

"ಪಂಡಿತರೇ, ಇದ್ದದ್ದೂ ಹೋಗ್ತಾ ಇದೆ."

"ಶುಭವಾಯ್ತು! ಹಳೆಯದು ಹೋಗದೆ ಹೊಸದು ಹೇಗೆ ಬರುತ್ತೆ? ಮದ್ದು ಹಿಡಿದಿದೆ. ಇನ್ನೊಂದು ತಿಂಗಳು ಮಾಡಿ. ನಿನ್ನೆ ಜೇನು ತರಲಿಲ್ಲವಲ್ಲ?"

"ಬಂಡೆ ಹತ್ತೋಕೆ ಆಗಲಿಲ್ಲ."

"ನಾಳೆ ಎರಡು ತನ್ನಿ," ಎಂದಿತು ಗಂಧಯ್ಯ. ಅದರ ಹೊಟ್ಟೆ ಈಗ ನೆಲ ಸವರುತ್ತಿತ್ತು. ಮುಂಚೆ ಬೆರಳ ಗಾತ್ರದ ಕೊಂಬೆಯ ತುದಿಯಲ್ಲೂ ಓಡಾಡುತ್ತಿದ್ದ ಪುನುಗುಬೆಕ್ಕು ಈಗ ಪೊಟರೆಗೆ ಹತ್ತಬೇಕಾದರೂ ಎರಡು ಸಲ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು.

ತುಂಬಿಗೆ ಜೇನು ಇರಲಿಲ್ಲ. ಅವಳಿಗಾಗಿ ಬಾಳವ್ವ ಕಾರೆಹಣ್ಣು, ಗೆದ್ದಲು ತಂದು ಕೊಡುತ್ತಿದ್ದಳು. ಒಂದು ದಿನ ತುಂಬಿ ಒಂದು ಹಣ್ಣು ಉಳಿಸಿ ಅಪ್ಪನ ಬಾಯಿಗೆ ಹಿಡಿದಳು. "ತಿನ್ನಪ್ಪಾ. ನನಗೆ ನಿನ್ನ ತಲೆ ಹೀಗಿದ್ದರೂ ಇಷ್ಟ." ಗವಿಯಪ್ಪ ಮುಖ ತಿರುಗಿಸಿದ. "ಇನ್ನು ಸ್ವಲ್ಪ ದಿನ ಮಗಳೇ," ಎಂದ.

ಹಳ್ಳದ ಆಚೆಯ ಚಿರತೆ ದಿನವೂ ಗುಡ್ಡದ ಕಡೆ ಕಣ್ಣಿಟ್ಟು ಕೂರುತ್ತಿತ್ತು. ಅದು ಗವಿಯಪ್ಪನ ನೆತ್ತಿಯನ್ನು ಎಂದೂ ನೋಡಿದ್ದಿಲ್ಲ. ಅದು ನೋಡುತ್ತಿದ್ದದ್ದು ಅವನ ನಡಿಗೆಯನ್ನು. ಕರಡಿ ಬಿಸಿಲಲ್ಲಿ ತೂರಾಡುತ್ತ ಗುಡ್ಡ ಹತ್ತುವುದನ್ನು, ನಡುವೆ ಮುಗ್ಗರಿಸಿ ಕೂರುವುದನ್ನು ಅದು ಹತ್ತು ದಿನ ನೋಡಿತು. ಹನ್ನೊಂದನೆಯ ದಿನ ಹಳ್ಳ ದಾಟಿತು.

ಗವಿಯಪ್ಪ ಮಗಳನ್ನು ಹೊತ್ತು ದೊಣೆಯಿಂದ ನೀರು ಕುಡಿದು ಬರುತ್ತಿದ್ದ. ಇನ್ನೂ ಬೆಳಕಿತ್ತು. ಬಂಡೆಯ ಮರೆಯಿಂದ ಚಿರತೆ ಎದುರಿಗೆ ಬಂದು ನಿಂತಿತು. ಹರಿದ ಕಿವಿ ನೋಡಿ ಗವಿಯಪ್ಪನಿಗೆ ಗುರುತು ಸಿಕ್ಕಿತು.

ಅವನು ಎದ್ದು ನಿಲ್ಲಲು ನೋಡಿದ. ಹಿಂಗಾಲು ಕುಸಿದವು. ಗರ್ಜಿಸಲು ಬಾಯಿ ತೆರೆದ. ಕೆಮ್ಮು ಬಂತು. ಚಿರತೆ ಒಂದು ಹೆಜ್ಜೆ ಮುಂದಿಟ್ಟಿತು.

"ತುಂಬಿ, ಗಟ್ಟಿಯಾಗಿ ಹಿಡಿದುಕೋ!"

ಗವಿಯಪ್ಪ ಉಳಿದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಪಕ್ಕದ ಕಡಿದಾದ ಬಂಡೆ ಹತ್ತತೊಡಗಿದ. ತುಂಬಿ ಎರಡೂ ಮುಷ್ಟಿಯಲ್ಲಿ ಅವನ ಹೆಗಲ ಕೂದಲು ಬಿಗಿಹಿಡಿದಳು. ಅವಳು ಸಡಿಲ ಬಿಡಲಿಲ್ಲ. ಕೂದಲೇ ಬುಡ ಸಮೇತ ಕಿತ್ತು ಬಂತು.

"ಅಪ್ಪಾ" ಎಂಬ ಒಂದು ಕೂಗು ಕೇಳಿತು. ಅವನು ತಿರುಗುವಷ್ಟರಲ್ಲಿ ಬೆನ್ನು ಹಗುರವಾಗಿತ್ತು.

ಚಿರತೆ ಮರಿಯನ್ನು ಕಚ್ಚಿಕೊಂಡು ಪೊದೆಗಳ ನಡುವೆ ಹೋಯಿತು. ಗವಿಯಪ್ಪ ಬಂಡೆಯಿಂದ ಜಾರಿ ಬಿದ್ದ. ನಾಲ್ಕು ಹೆಜ್ಜೆ ಅಟ್ಟಿಸಿಕೊಂಡು ಹೋದ. ಐದನೆಯದಕ್ಕೆ ಮುಖ ಅಡಿಯಾಗಿ ಬಿದ್ದ. ಬಾಳವ್ವ ಬಂದು ಅವನನ್ನು ಎಳೆದುಕೊಂಡು ಹೋಗಿ ಗವಿಯ ಬಾಗಿಲಲ್ಲಿ ಮಲಗಿಸಿದಳು. ಅಲ್ಲಿಂದ ಒಳಗೆ ಸಾಗಿಸುವ ಶಕ್ತಿ ಅವಳಿಗೂ ಇರಲಿಲ್ಲ. ಅವನಿಗೆ ತಿನ್ನಲು ಏನಾದರೂ ತರುತ್ತೇನೆಂದು ಕೆಳಗಿಳಿದಳು.

ಚಿರತೆ ಮತ್ತೆ ಹಳ್ಳದಾಚೆ ಹೋಗಲಿಲ್ಲ. ಈಗ ಗುಡ್ಡ ಕಾಯುವವರು ಯಾರೂ ಇಲ್ಲವೆಂದು ಅದಕ್ಕೆ ತಿಳಿದಿತ್ತು. ಮೂರನೆಯ ದಿನ ಅದು ಪುನುಗಿನ ಘಮಲು ಹಿಡಿದು ಬಂತು. ಗಂಧಯ್ಯ ಏದುಸಿರು ಬಿಡುತ್ತ ಗವಿಯ ಕಡೆ ಓಡಿತು.

"ಗವಿಯಪ್ಪಣ್ಣಾ, ಸ್ವಲ್ಪ ಸರೀರಿ! ಒಳಗೆ ಬಿಡಿ! ಚಿರತೆ ಹಿಂದೆಯೇ ಬರ್ತಿದೆ!"

ಗವಿಯಪ್ಪ ಗವಿಯ ಬಾಯಿಗೆ ಅಡ್ಡವಾಗಿ ಬಿದ್ದಿದ್ದ. ನಿಧಾನವಾಗಿ ಕಣ್ಣು ತೆರೆದ.

"ಚಿರತೆ ನನ್ನ ನೆತ್ತಿ ನೋಡಿ ಬಂತಾ ಪಂಡಿತರೇ?"

"ಇಲ್ಲ! ಇಲ್ಲ ಅಣ್ಣಾ! ನಿಮಗೆ ಶಕ್ತಿ ಇಲ್ಲ ಅಂತ ಬಂತು. ನನ್ನದು ತಪ್ಪಾಯ್ತು. ಕೂದಲಿನ ವಿಷಯ ನನಗೆ ಏನೂ ಗೊತ್ತಿಲ್ಲ. ಜೇನಿನ ಆಸೆಗೆ ಹೇಳಿದೆ. ಒಂದು ಸಲ ಎದ್ದು ನಿಲ್ಲಿ, ಸಾಕು, ಅದು ಓಡಿಹೋಗುತ್ತೆ!"



"ಏಳೋಕೆ ಆಗೋದಿಲ್ಲ," ಎಂದ ಗವಿಯಪ್ಪ. ಅದು ಸಿಟ್ಟಿನ ಮಾತಾಗಿರಲಿಲ್ಲ. ನಿಜವಾಗಿಯೂ ಅವನಿಗೆ ಒಂದು ಕಾಲನ್ನು ಸರಿಸಲೂ ಆಗುತ್ತಿರಲಿಲ್ಲ.

ಗಂಧಯ್ಯ ತಿರುಗಿ ಹತ್ತಿರದ ಮರಕ್ಕೆ ಹಾರಿತು. ಕಷ್ಟಪಟ್ಟು ಮೇಲೇರಿ, ಚಿರತೆಗೆ ನಿಲುಕದ ಸಣ್ಣ ಕೊಂಬೆಯ ತುದಿಗೆ ಹೋಯಿತು. ಹಿಂದೆ ಎಷ್ಟೋ ಸಲ ಅದು ಹೀಗೇ ತಪ್ಪಿಸಿಕೊಂಡಿತ್ತು. ಈ ಸಲ ಕೊಂಬೆ ಅದರ ಭಾರ ತಡೆಯಲಿಲ್ಲ, ಮುರಿಯಿತು. ಕೆಳಗೆ ಚಿರತೆ ಅವಸರವಿಲ್ಲದೆ ಕಾಯುತ್ತಿತ್ತು.

ಬಾಳವ್ವ ದಿನವೂ ಗೆದ್ದಲು, ಹಣ್ಣು ತಂದು ಅಳಿಯನ ಬಾಯಿಗೆ ಹಾಕಿದಳು. ಮೊದಮೊದಲು ಅವನು ನುಂಗಲಿಲ್ಲ. "ನೀನೂ ಸತ್ತರೆ ಆ ಮಗುವನ್ನು ನೆನೆಯೋರು ಯಾರೋ?" ಎಂದು ಅವಳು ಗದರಿದ ಮೇಲೆ ನುಂಗಿದ. ಮಳೆಗಾಲ ಬರುವ ಹೊತ್ತಿಗೆ ಎದ್ದು ನಡೆದ. ಮಳೆಗಾಲ ಮುಗಿಯುವ ಹೊತ್ತಿಗೆ ಚಿರತೆಯನ್ನು ಹುಡುಕಿಕೊಂಡು ಹೋಗಿ, ಹೊಡೆದು, ಹಳ್ಳದಾಚೆ ಅಟ್ಟಿದ. ಅದರ ಇನ್ನೊಂದು ಕಿವಿಯೂ ಹರಿಯಿತು. ಮೊಲ, ನವಿಲುಗಳು ಸಂತೋಷಪಟ್ಟವು. ಅವನು ಅವುಗಳ ಮುಖ ನೋಡದೆ ಗವಿಗೆ ಬಂದು ಮಲಗಿದ.

ಚಳಿಗಾಲಕ್ಕೆ ಗವಿಯಪ್ಪನ ಮೈಯ ಕೂದಲೆಲ್ಲ ಮತ್ತೆ ದಟ್ಟವಾಗಿ ಬೆಳೆಯಿತು. ಹೆಗಲ ಮೇಲೆ ಎರಡು ಮುಷ್ಟಿ ಹಿಡಿಯುವಷ್ಟು ಉದ್ದ ಬಂತು. ನೆತ್ತಿ ಮಾತ್ರ ಅವನ ಅಪ್ಪನ ನೆತ್ತಿಯ ಹಾಗೆಯೇ ಬೋಳಾಗಿ ಉಳಿಯಿತು. ಹೆಗಲ ಕೂದಲು ಹಿಡಿದುಕೊಳ್ಳಲು ತುಂಬಿ ಇರಲಿಲ್ಲ.

ನೀತಿ: ಒಳ್ಳೆಯ ಊಟ ಮೈಗೆ ಬಲ ಕೊಡುತ್ತದೆ, ಆದರೆ ರಕ್ತದಲ್ಲಿ ಬಂದ ಬೋಳನ್ನು ಯಾವ ಪಥ್ಯವೂ ಅಳಿಸಲಾರದು, ನಮ್ಮ ಅಂಜಿಕೆಯನ್ನು ಬಳಸಿಕೊಂಡು ತನ್ನ ಹೊಟ್ಟೆ ಹೊರೆಯುವವನ ಮಾತು ನಂಬಿದರೆ ಇಲ್ಲದ್ದು ಬರುವುದಿಲ್ಲ, ಇದ್ದದ್ದೂ ಹೋಗುತ್ತದೆ, ಹಾಗೆ ಮೋಸ ಮಾಡಿದವನೂ ಉಳಿಯುವುದಿಲ್ಲ.