ಮುಳ್ಳುಹಂದಿ ಅಜ್ಜಿಯ ಕೋಣೆ

ಮಕ್ಕಳೇ, ನಾನು ಕಥೆ ಬರೆಯುತ್ತಿರುವುದು ಇದೇ ಮೊದಲು. ಹೇಳುವುದು ಅಷ್ಟು ಚೆನ್ನಾಗಿ ಬರದಿದ್ದರೆ ಕ್ಷಮಿಸಿ. ಏನಾದರೂ ಬಿಟ್ಟುಹೋದೀತು ಎಂಬ ಭಯಕ್ಕೆ ಸ್ವಲ್ಪ ಹೆಚ್ಚೇ ವಿವರಿಸುತ್ತೇನೆ.

ಒಂದು ಕಾಡಿನಲ್ಲಿ ಗೀಜಗ ಮೇಷ್ಟ್ರ ಶಾಲೆಯಿತ್ತು. ಗೀಜಗ ಎಂದರೆ ತೂಗಾಡುವ ಗೂಡು ನೇಯುವ ಹಕ್ಕಿ. ಆದ್ದರಿಂದಲೇ ಮನೆ ಕಟ್ಟುವ ಪಾಠ ಅವರದು. ಮೊದಲು ಮುತ್ತುಗದ ಎಲೆಯ ಮೇಲೆ ಮುಳ್ಳಿನಿಂದ ಕೋಣೆಯ ನಕ್ಷೆ ಗೀರಬೇಕು. ನಕ್ಷೆ ಎಂದರೆ, ಚಾವಣಿ ತೆಗೆದ ಕೋಣೆ ಮೇಲೆ ಹಾರುವ ಹಕ್ಕಿಗೆ ಹೇಗೆ ಕಾಣುತ್ತದೋ ಹಾಗೆ ಬರೆದ ಚಿತ್ರ. ಆಮೇಲೆ ಅದರಂತೆ ಮಣ್ಣು ಅಗೆಯಬೇಕು.

ಆ ವರ್ಷ ಮುಳ್ಳುಹಂದಿ ಅಜ್ಜಿಯ ಬಿಲ ಕುಸಿದುಹೋಯಿತು. ಮಳೆಗಾಲಕ್ಕೆ ಮೂರೇ ದಿನ ಉಳಿದಿತ್ತು.

"ಈ ಸಲ ಆಟದ ಕೋಣೆ ಬೇಡ. ಅಜ್ಜಿಗೆ ನಿಜವಾದ ಕೋಣೆ ಮಾಡೋಣ. ಯಾರ ನಕ್ಷೆ ಚೆನ್ನಾಗಿದೆಯೋ ಅವರೇ ಮುಂದಾಳು" ಎಂದರು ಮೇಷ್ಟ್ರು.

ಮೊಲದ ಮರಿ ತುಂಬೆ ನೇರ ಅಜ್ಜಿಯ ಬಳಿ ಹೋದಳು. "ಅಜ್ಜಿ, ಹಳೇ ಮನೇಲಿ ನಿಮಗೆ ಏನು ತೊಂದರೆ ಇತ್ತು?"

"ತಿರುಗೋಕೆ ಜಾಗ ಇರಲಿಲ್ಲ ಕಣೇ. ನನ್ನ ಮುಳ್ಳು ಹಿಂದಕ್ಕೆ ಬಾಗಿರೋದಲ್ವಾ? ಮುಂದೆ ಹೋಗಬಹುದು. ಹಿಂದೆ ಸರಿದರೆ ಗೋಡೆಗೆ ಚುಚ್ಚಿಕೊಂಡು ನಿಂತುಬಿಡ್ತೀನಿ."

ತುಂಬೆ ಅಜ್ಜಿಯನ್ನು ಮೂಗಿನಿಂದ ಬಾಲದವರೆಗೆ ಅಳೆದಳು. ಅಷ್ಟೇ ಉದ್ದದ ಬಿದಿರುಕೋಲು ಕತ್ತರಿಸಿಕೊಂಡಳು. ಎಲೆಯ ಮೇಲೆ ಬರೆದಳು: ಉದ್ದ ಮೂರು ಕೋಲು, ಅಗಲ ಎರಡು ಕೋಲು.

ನರಿಮರಿ ಕೆಂಚನಿಗೆ ಚಿತ್ರ ಬರುತ್ತಿರಲಿಲ್ಲ. ಹಿಂದಿನ ಸಲ ಅವನ ನಕ್ಷೆ ನೋಡಿ, "ಇದು ಕೋಣೆಯೋ ಕುಂಬಳಕಾಯಿಯೋ?" ಎಂದು ಎಲ್ಲರೂ ನಕ್ಕಿದ್ದರು. ಮತ್ತೆ ನಗೆಪಾಟಲಾಗುವುದು ಅವನಿಗೆ ಬೇಕಿರಲಿಲ್ಲ. ತುಂಬೆ ನೀರು ಕುಡಿಯಲು ಹೋದಾಗ ಅವಳ ಎಲೆ ಎತ್ತಿಕೊಂಡು ಮೇಷ್ಟ್ರಿಗೆ ಕೊಟ್ಟ.

"ಭೇಷ್! ನೀನೇ ಮುಂದಾಳು" ಎಂದರು ಮೇಷ್ಟ್ರು.

ತುಂಬೆಗೆ ತನ್ನ ಎಲೆಯ ಗುರುತು ಸಿಕ್ಕಿತು. ಜಗಳಕ್ಕೆ ಕೂತರೆ ಮಳೆ ಬಂದುಬಿಡುತ್ತದೆ ಎಂದು ಸುಮ್ಮನಾದಳು. ಆದರೂ ಮನಸ್ಸು ತಡೆಯದೆ ಕೇಳಿದಳು: "ಕೆಂಚಾ, ಅಳೆಯೋದು ಯಾವ ಕೋಲಲ್ಲಿ?"

"ಕೋಲು ಅಂದರೆ ಕೋಲು! ಎಲ್ಲ ನಂಗೊತ್ತು. ಯಾರೂ ಹತ್ತಿರ ಬರಬೇಡಿ, ನಾನೊಬ್ಬನೇ ಅಗೀತೀನಿ."

ಅವನ ಕೋಲು ಅಜ್ಜಿಯ ಅರ್ಧದಷ್ಟೂ ಉದ್ದವಿರಲಿಲ್ಲ. ಅದರಲ್ಲೇ ಮೂರು ಅಳೆದ, ಎರಡು ಅಳೆದ, ಅಗೆದ.

ಮೂರನೆಯ ದಿನ ಹನಿ ಶುರುವಾಯಿತು. ಕೆಂಚ ಒಳಗೆ ನಿಂತು, "ಬನ್ನಿ ಅಜ್ಜಿ, ಇದು ಮಲಗೋ ಜಾಗ, ಇದು..." ಎನ್ನುವಷ್ಟರಲ್ಲಿ ಅಜ್ಜಿ ಒಳಗೆ ಬಂದರು. ಕೋಣೆ ಅಷ್ಟಕ್ಕೇ ತುಂಬಿಹೋಯಿತು. ತಿರುಗಲು ನೋಡಿದರು, ಒಂದು ಮುಳ್ಳು ಕೆಂಚನ ಮೂಗಿಗೇ ನೆಟ್ಟಿತು. ಹಿಂದೆ ಸರಿಯಲು ಆಗಲಿಲ್ಲ. ಬಾಗಿಲಿಂದ ನೀರು ಒಳಗೆ ಹರಿಯತೊಡಗಿತು.

"ಕೆಂಚಾ, ಯಾವ ಕೋಲಲ್ಲಿ ಅಳೆದೆ?" ಹೊರಗಿನಿಂದ ತುಂಬೆ ಕೂಗಿದಳು.

ಕೆಂಚ ಬಿಕ್ಕಿದ. "ಎಲೆ ನಿಂದು ತುಂಬೆ. ಕೋಲು ಮಾತ್ರ ನಂದು."

"ಅಳಬೇಡ್ವೋ. ನೀನು ಒಳಗಿಂದ ಅಗಿ, ನಾವು ಹೊರಗಿಂದ ಅಗೀತೀವಿ!"

ಎಲ್ಲರೂ ಸೇರಿ ತುಂಬೆಯ ಕೋಲಿನ ಅಳತೆಗೆ ಕೋಣೆ ಅಗಲ ಮಾಡಿದರು. ಅಜ್ಜಿ ಒಂದು ಸುತ್ತು ತಿರುಗಿದರು. ಇನ್ನೊಂದು ಸುತ್ತು ಸುಮ್ಮನೆ ಖುಷಿಗೆ ತಿರುಗಿದರು.

ಮೇಷ್ಟ್ರು ಕೊಕ್ಕಿನಿಂದ ಕೆಂಚನ ಮೂಗಿನ ಮುಳ್ಳು ಕಿತ್ತರು. "ಬರದಿದ್ದರೆ ಕೇಳಬೇಕಿತ್ತು ಕಣೋ. ಮತ್ತೆ ನಾನು ಇರೋದು ಯಾಕೆ?"

"ಬೈಬೇಡಿ ಮೇಷ್ಟ್ರೇ, ಹುಡುಗ ಅಗೆಯೋದರಲ್ಲಿ ಗಟ್ಟಿಗ" ಎಂದರು ಅಜ್ಜಿ.

ನೀತಿ: ಇನ್ನೊಬ್ಬರ ನಕ್ಷೆಯನ್ನು ಕದಿಯಬಹುದು, ಅದರ ಹಿಂದಿನ ತಿಳಿವಳಿಕೆಯನ್ನು ಕದಿಯಲಾಗದು. ತಿಳಿವಳಿಕೆ ಎಂದರೆ ಇಲ್ಲಿ ಬರೀ ಕೋಲಲ್ಲ ಮಕ್ಕಳೇ. ಕೋಣೆಗೆ ಬರುವವರು ಎಷ್ಟು ಉದ್ದ, ಎಷ್ಟು ಅಗಲ ಎಂದು ಮೊದಲೇ ಅಳೆದು... ಬಂದೆ, ಬಂದೆ! ಮನೆಯಲ್ಲಿ ಕರೆಯುತ್ತಿದ್ದಾರೆ. ಹೊಸ ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿದೆಯಂತೆ. ಅಳತೆ ಹೇಳಿ ಮಾಡಿಸಿದವನು ನಾನೇ.