ಕೆಂಪು ಹರಳಿಗೆ ಅಷ್ಟೊಂದು ಮುಖ ಯಾಕೆ

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಒಣಗಿರಲಿಲ್ಲ. ಯಾರಾದರೂ ಒರಗಿ ಕೂತರೆ ಬೆನ್ನಿನ ಗುರುತು ಬೀಳುತ್ತಿತ್ತು. ಗಾಳಿಗೆ ಮಾತು ಬರುತ್ತಿತ್ತು, ಹೊಳೆಗೂ ಬರುತ್ತಿತ್ತು. ಸುಮ್ಮನಿರುವುದು ಮಾತ್ರ ಇಬ್ಬರಿಗೂ ಬರುತ್ತಿರಲಿಲ್ಲ.

ಆ ಕಾಲದಲ್ಲಿ ಈರಕ್ಕ ಎಂಬ ಹೆಂಗಸು ಇದ್ದಳು. ಎಲ್ಲದಕ್ಕೂ ಗಾಬರಿ ಅವಳಿಗೆ. ಹಾಲು ಕಾಯಲು ಇಟ್ಟರೆ ಎಲ್ಲಿ ಉಕ್ಕೀತೋ ಎಂಬ ಚಿಂತೆ. ಉಕ್ಕದಿದ್ದರೆ ಯಾಕೆ ಉಕ್ಕಲಿಲ್ಲ ಎಂಬ ಚಿಂತೆ. ಅಂಥವಳ ಮನೆಯಲ್ಲೇ ಒಂದು ದಿನ ಒಲೆ ಆರಿಹೋಯಿತು.

ಆದದ್ದು ಹೀಗೆ. ಅವಳ ತಂಗಿ ಲಕ್ಕಿಗೆ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಅಂಗೈಯಲ್ಲಿ ಹಿಡಿಯುವಷ್ಟೇ ಇತ್ತು. ಆಗೆಲ್ಲ ಬೆಂಕಿಪೊಟ್ಟಣ ಎಲ್ಲಿಂದ ಬರಬೇಕು? ಅಡುಗೆ ಮುಗಿದ ಮೇಲೆ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡಬೇಕು. ಬೂದಿಯ ಕೆಳಗೆ ಕೆಂಡ ಮಾರನೆಯ ದಿನದವರೆಗೂ ಉಸಿರಾಡಿಕೊಂಡಿರುತ್ತದೆ. ಹೆರಿಗೆಯ ಗಡಿಬಿಡಿಯಲ್ಲಿ ಈರಕ್ಕ ಅದನ್ನೇ ಮರೆತಳು. ಬೆಳಗ್ಗೆ ಎದ್ದು ನೋಡಿದರೆ ಒಲೆ ತಣ್ಣಗಿದೆ. ಬೆಂಕಿ ಕೇಳೋಣವೆಂದರೆ ಹತ್ತಿರದಲ್ಲಿ ಬೇರೆ ಮನೆಯಿಲ್ಲ. ಹೊರಗೆ ಮಾಗಿಯ ಚಳಿ. ಕೂಸಿನ ತುಟಿ ನೀಲಿಗೆ ತಿರುಗುತ್ತಿತ್ತು.

"ಬೆಂಕಿ ಕಾವು ಸಿಕ್ದೆ ಇದ್ರೆ ಈ ಕೂಸು ನಾಳೆ ಕಾಣಕ್ಕಿಲ್ಲ," ಎಂದಳು ಅವ್ವ. "ಓಡು ಮಗಳೇ, ಬೆಂಕಿಯಜ್ಜಿ ತಾವ ಹೋಗಿ ಕೆಂಡ ಇಸ್ಕೊಂಡ್ ಬಾ. ಹೊತ್ತು ಮುಳುಗೋದ್ರೊಳಗೆ ಬರ್ಬೇಕು."

"ಬೇಗ ಬಾ ಅಕ್ಕಾ," ಎಂದಳು ಲಕ್ಕಿ. ಕೂಸನ್ನು ಎದೆಗೆ ಒತ್ತಿ ಹಿಡಿದಿದ್ದಳು. ಆದರೆ ಅವಳ ಮೈಯೇ ನಡುಗುತ್ತಿತ್ತು.

ಬೆಂಕಿಯಜ್ಜಿ ಇದ್ದದ್ದು ಹೊಳೆಯಾಚೆ, ಬೆಟ್ಟದ ನೆತ್ತಿಯಲ್ಲಿ. ಅವಳು ಒಂದು ಮನೆಗೆ ವರ್ಷಕ್ಕೆ ಒಂದೇ ಸಲ ಕೆಂಡ ಕೊಡುವವಳು. ಎರಡನೆಯ ಸಲ ಅತ್ತರೂ ಇಲ್ಲ, ಕರೆದರೂ ಇಲ್ಲ. ಈರಕ್ಕ ಏದುಸಿರು ಬಿಡುತ್ತಾ ಮೇಲೆ ತಲುಪಿದಾಗ ನಡುಮಧ್ಯಾಹ್ನ. ಅಜ್ಜಿ ಒಂದು ಮಣ್ಣಿನ ಕುಡಿಕೆಯಲ್ಲಿ ಏಳು ಕೆಂಡ ಇಟ್ಟು, ಮೇಲೆ ಬೂದಿ ಸುರಿದು, ಬಾಯಿಗೆ ಓಡು ಮುಚ್ಚಿ ಕೊಟ್ಟಳು.

"ನೋಡು ಮಗಾ, ಮನೆ ಮುಟ್ಟೋಗಂಟ ಬೂದಿ ಕೆದಕ್ಬೇಡ. ಗಾಳಿ ಸೋಕಿದ್ರೆ ಕೆಂಡ ಉರಿದು ಸವೆದೋಯ್ತದೆ. ಬೂದಿನೇ ಅದ್ರ ಕಂಬ್ಳಿ."

"ಒಳಗೇ ಆರೋದ್ರೆ ನಂಗೆ ಹೆಂಗ್ ಗೊತ್ತಾಯ್ತದೆ ಅಜ್ಜಿ?"

"ಗೊತ್ತಾಗಕ್ಕಿಲ್ಲ. ಗೊತ್ತಿಲ್ದಂಗೇ ನಡೀಬೇಕು."

ಸರಿಹೋಯಿತು! ಈರಕ್ಕನ ಕೈಲಿ ಆಗದೇ ಇದ್ದದ್ದು ಅದೊಂದೇ ಕೆಲಸ.

ಬೆಟ್ಟ ಇಳಿದು ನೂರು ಹೆಜ್ಜೆ ಹೋಗಿರಲಿಲ್ಲ, ಚಿಂತೆ ಶುರುವಾಯಿತು. ಇದೆಯೋ, ಆರಿತೋ? ಇದೆಯೋ, ಆರಿತೋ? ಗಾಳಿ ಪಕ್ಕದಲ್ಲೇ ಬರುತ್ತಿತ್ತು. ಕೆಟ್ಟದ್ದೇನಲ್ಲ ಅದು, ಅದಕ್ಕೆ ಮಾಡಲು ಬೇರೆ ಕೆಲಸವಿರಲಿಲ್ಲ ಅಷ್ಟೇ.

"ಈರಕ್ಕಾ, ಒಂದ್ಸಲ ನೋಡ್ಬಿಡು," ಎಂದಿತು ಗಾಳಿ. "ಬರೀ ಬೂದಿ ಹೊತ್ಕೊಂಡು ಹೋಗ್ತಾ ಇದ್ರೆ?"

ಈರಕ್ಕ ಓಡು ಸರಿಸಿ ಬೂದಿ ಕೆದಕಿದಳು. ಏಳೂ ಕೆಂಡ ಕೆಂಪಗೆ ನಗುತ್ತಿದ್ದವು. ಅಬ್ಬ ಎಂದುಕೊಳ್ಳುವಷ್ಟರಲ್ಲಿ ಗಾಳಿಯೂ ಇಣುಕಿತು. ಎರಡು ಕೆಂಡ ಭಗ್ಗನೆ ಉರಿದು ಬೂದಿಯಾದವು. ಅವಳು ಗಡಬಡಿಸಿ ಮುಚ್ಚಿದಳು.

ಈಗ ಚಿಂತೆ ಎರಡರಷ್ಟಾಯಿತು. ಉಳಿದ ಐದಾದರೂ ಇವೆಯೋ, ಆರಿದವೋ? ಕಾಡು ದಾಟಿದಳು, ತಡೆದುಕೊಂಡಳು. ಬಯಲಿಗೆ ಬಂದಳು, ತಡೆಯಲಾಗಲಿಲ್ಲ. ಮತ್ತೆ ಕೆದಕಿದಳು, ಮತ್ತೆ ಗಾಳಿ ಇಣುಕಿತು, ಇನ್ನೊಂದು ಹೋಯಿತು. ಉಳಿದದ್ದು ನಾಲ್ಕು. ಅವಳಿಗೆ ತನ್ನ ಮೇಲೇ ಸಿಟ್ಟು ಬಂದು ಅಳು ಬಂತು.

ಹೊಳೆಗೆ ಬಂದಾಗ ಸೂರ್ಯ ಈಚಲು ಮರದ ಎತ್ತರಕ್ಕೆ ಇಳಿದಿದ್ದ. "ಕಲ್ಲಿನ ಮೇಲೆ ಪಾಚಿ ಅದೆ ಕಣವ್ವ, ಕಾಲು ನೋಡ್ಕೊಂಡು ಇಡು," ಎಂದಿತು ಹೊಳೆ. ಆದರೆ ಈರಕ್ಕನ ಕಣ್ಣು ಕಾಲಿನ ಮೇಲಿರಲಿಲ್ಲ, ಕುಡಿಕೆಯ ಮೇಲಿತ್ತು. ಮನೆ ಕಡೆಯ ದಡದ ಕೊನೆಯ ಕಲ್ಲಿನ ಮೇಲೆ ಕಾಲು ಜಾರಿತು.

ಕುಡಿಕೆ ವಾಲಿ ಓಡು ಸರಿಯಿತು. ಮೂರು ಕೆಂಡ ಬಂಡೆಗೆ ಬಡಿದು, ಸಿಡಿದು, ಲೆಕ್ಕವಿಲ್ಲದಷ್ಟು ಚೂರಾಗಿ ದಡದ ಮರಳಿನಲ್ಲಿ ಚೆಲ್ಲಿದವು. ಕುಡಿಕೆಯ ತಳದಲ್ಲಿ, ಅಂಟಿಕೊಂಡ ಬೂದಿಯೊಳಗೆ, ಒಂದೇ ಒಂದು ಉಳಿಯಿತು. ಈರಕ್ಕ ಥಟ್ಟನೆ ಓಡು ಮುಚ್ಚಿದಳು.

"ಈರಕ್ಕಾ, ನಮ್ಮನ್ನೂ ಎತ್ಕೋ!" ಎಂದು ಚೂರುಗಳು ಕೂಗಿದವು. "ನಮ್ಗೆ ಚಳಿ ಆಯ್ತದೆ!"

ಅವಳು ಬಗ್ಗಿದಳು. ಒಂದೊಂದಾಗಿ ಆಯುತ್ತಾ ಕೂತರೆ ಹೊತ್ತು ಮುಳುಗುತ್ತದೆ. ಕುಡಿಕೆಗೆ ಹಾಕಲು ಓಡು ತೆಗೆದರೆ ಗಾಳಿ ಕಾದುಕೊಂಡೇ ನಿಂತಿದೆ. ಮನೆಯಲ್ಲಿ ಕೂಸು. ಈರಕ್ಕ ಎರಡೂ ಕೈಯಿಂದ ಮರಳು ಬಾಚಿ ಬಾಚಿ ಚೂರುಗಳ ಮೇಲೆ ಎಳೆದಳು.

"ಇದೇ ನಿಮ್ಗೆ ಕಂಬ್ಳಿ. ಹಂಗೇ ಮಲ್ಗಿರಿ ನನ್ನಪ್ಪಂದ್ರಾ, ನಾಳೆ ಬಂದು ಕರ್ಕೊಂಡೋಗ್ತೀನಿ."

"ಯಾವ ಕಡೆಯಿಂದ ಬತ್ತೀಯ?" ಎಂದು ಎಲ್ಲಕ್ಕಿಂತ ಸಣ್ಣ ಚೂರು ಕೇಳಿತು.

ಈರಕ್ಕನಿಗೆ ಅದು ಕೇಳಿಸಲಿಲ್ಲ. ಅವಳು ಆಗಲೇ ಓಡುತ್ತಿದ್ದಳು.

"ಒಂದೇ ಉಳಿದಿರೋದು. ಈಗಾದ್ರೂ ನೋಡು," ಎಂದಿತು ಗಾಳಿ.

ಅವಳ ಕೈ ಓಡಿನ ಮೇಲೆ ಹೋಯಿತು. "ಭಯ ಆಯ್ತದೆ ಗಾಳಿಯಪ್ಪ," ಎಂದಳು, "ಆದ್ರೂ ನೋಡಕ್ಕಿಲ್ಲ." ಸೆರಗಿನ ತುದಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕುಡಿಕೆ ತಬ್ಬಿಕೊಂಡು, ಗೊತ್ತಿಲ್ಲದ ಹಾಗೇ ನಡೆದಳು. ಆ ದಾರಿಯಷ್ಟು ಉದ್ದದ ದಾರಿ ಅವಳು ಯಾವತ್ತೂ ನಡೆದಿರಲಿಲ್ಲ.

ಸೂರ್ಯ ಇನ್ನೇನು ಮುಳುಗಬೇಕು, ಮನೆ ಸೇರಿದಳು. ಅವ್ವ ಓಡು ತೆಗೆದಳು. ಮೇಲೆಲ್ಲ ಬರೀ ಬೂದಿ. ಲಕ್ಕಿ ಬಿಕ್ಕಿದಳು. ಅವ್ವ ಒಂದು ಬೆರಳಿಂದ ಬೂದಿಯನ್ನು ಮೆಲ್ಲಗೆ ಸರಿಸಿದಳು. ತಳದಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು.

ಒಣ ಬೆರಣಿಯ ಪುಡಿ ಹಾಕಿ ಊದಿದರು. ಹೊಗೆ ಬಂತು, ಆಮೇಲೆ ಉರಿ ಬಂತು. ಬಾಣಂತಿಯ ಮಂಚದ ಬಳಿ ಅಗ್ಗಿಷ್ಟಿಕೆ ಇಟ್ಟರು. ಸ್ವಲ್ಪ ಹೊತ್ತಿಗೆ ಕೂಸು ಒಂದು ಸೀನು ಸೀನಿ, ಮನೆ ಹಾರಿಹೋಗುವಂತೆ ಅತ್ತಿತು. ಈರಕ್ಕ ಹೊಸ್ತಿಲ ಮೇಲೆ ಕೂತು ಅದಕ್ಕಿಂತ ಜೋರಾಗಿ ಅತ್ತಳು.

ಮಾರನೆಯ ದಿನ ಬೆಳಗ್ಗೆಯೇ ಹೊಳೆಗೆ ಓಡಿದಳು. ಆದರೆ ಹೊಳೆಯೂ ಆಗ ಹೊಸದಲ್ಲವೇ? ನಿದ್ದೆಯಲ್ಲಿ ಮಗ್ಗುಲು ಬದಲಿಸಿಬಿಟ್ಟಿತ್ತು. ನಿನ್ನೆಯ ದಡ ಇರಲಿಲ್ಲ, ನಿನ್ನೆಯ ಮರಳೂ ಇರಲಿಲ್ಲ.

"ನನ್ ಕೆಂಡ ಎಲ್ಲಿ?"

"ನಿದ್ದೆಗಣ್ಣಲ್ಲಿ ಎಲ್ಲಿಗೆ ತಳ್ಬಿಟ್ನೋ, ನಂಗೇ ಗೊತ್ತಿಲ್ಲ ಕಣವ್ವ," ಎಂದು ಹೊಳೆ ತಲೆ ತಗ್ಗಿಸಿತು.

ಈರಕ್ಕ ಅಂದು ಹುಡುಕಿದಳು, ಮರುದಿನ ಹುಡುಕಿದಳು. ಕೂಸು ಬೆಳೆದು ಅವಳ ಬೆರಳು ಹಿಡಿದು ನಡೆಯುವಂತಾದ ಮೇಲೂ ಬಂದು ಮರಳು ಕೆದಕುತ್ತಿದ್ದಳು. ಸಿಗಲಿಲ್ಲ.

ಚೂರುಗಳು ಮಾತ್ರ ದೂರದ ಮರಳಿನ ಕೆಳಗೆ ಕಾಯುತ್ತಲೇ ಇದ್ದವು. ಗಾಳಿ ಸೋಕಿದರೆ ಸವೆಯುತ್ತೇವೆ, ನೀರು ಸೋಕಿದರೆ ಆರುತ್ತೇವೆ ಎಂದು ಹೆದರಿ ಉರಿಯನ್ನೆಲ್ಲ ಒಳಕ್ಕೆ ಎಳೆದುಕೊಂಡವು. ಮೈ ಕಲ್ಲಾಯಿತು, ಹೊರಗೆ ಕಪ್ಪು ಕವಿಯಿತು. ಆದರೂ ಒಂದು ಚಿಂತೆ ಬಿಡಲಿಲ್ಲ: ಅವಳು ಯಾವ ಕಡೆಯಿಂದ ಬರುತ್ತಾಳೆ? ಮೂಡಲಿಂದ ಬಂದರೆ ಎಂದು ಅತ್ತ ಒಂದು ಮುಖ ಮಾಡಿಕೊಂಡವು. ಪಡುವಲಿಂದ ಬಂದುಬಿಟ್ಟರೆ? ಇತ್ತ ಒಂದು ಮುಖ. ಮೇಲಿನಿಂದ ಬಗೆದರೆ? ಕೆಳಗಿನಿಂದ ತೋಡಿದರೆ? ಹೀಗೆ ಒಂದೊಂದು ಚೂರಿಗೂ ಹನ್ನೆರಡು ಮುಖವಾದವು.

ನಾವೀಗ ಗಾರ್ನೆಟ್ ಎಂದು ಕರೆಯುವ ಕೆಂಪು ಹರಳುಗಳು ಅವೇ. ಸಾಣೆ ಹಿಡಿಯುವವರು ಅವನ್ನು ಉಜ್ಜಿ ಉಜ್ಜಿ ಇನ್ನಷ್ಟು ಮುಖ ಕೊಟ್ಟು ಒಡವೆಗೆ ಕೂರಿಸುತ್ತಾರೆ. ಅದಕ್ಕೇ ನಿಮ್ಮಮ್ಮನ ಕಿವಿಯೋಲೆಯ ಕೆಂಪು ಹರಳು ನೆರಳಲ್ಲಿ ಕಪ್ಪಗೆ ಕಾಣುವುದು. ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಮಾತ್ರ ಒಂದಾದ ಮೇಲೊಂದು ಮುಖ ಕೆಂಪಗೆ ಮಿಂಚಿ, ಈರಕ್ಕ ಬಂದಳೇನೋ ಎಂದು ನಿಮ್ಮನ್ನು ನೋಡುತ್ತದೆ.