ಸೈನ್ಯ ಭರ್ತಿಯ ಅಳತೆಕೋಲು

ಸಿಂಹರಾಜ ಹುಲಿಗಳ ಮೇಲೆ ಯುದ್ಧ ಸಾರಿದ ದಿನವೇ ಅಳಿಲೊಂದು ಸೈನ್ಯ ಸೇರಲು ಓಡಿತ್ತು. ಭರ್ತಿ ಕಚೇರಿಯ ಅಳತೆಕೋಲಿನ ಕಾಲುಭಾಗಕ್ಕೂ ಅದರ ತಲೆ ಮುಟ್ಟಲಿಲ್ಲ. "ಬೆಳೆದು ಬಾ" ಎಂದು ಅಧಿಕಾರಿ ತೋಳ ನಕ್ಕು ಕಳಿಸಿತ್ತು.

ಮೂರನೆಯ ವರ್ಷ ತೋಳವೇ ಮನೆ ಬಾಗಿಲಿಗೆ ಬಂದು ಅಳಿಲನ್ನು ಕರೆದೊಯ್ದಿತು. ಈ ಸಲ ತಲೆ ಕೋಲಿನ ತುದಿಗೆ ಸರಿಯಾಗಿ ತಾಗಿತು.

"ಶಭಾಷ್! ಸಮವಸ್ತ್ರ ತರುತ್ತೇನೆ, ಇರು" ಎಂದು ತೋಳ ಒಳಗೆ ಹೋಯಿತು.

ಅಳಿಲಿಗೆ ಕುತೂಹಲ ತಡೆಯಲಾಗಲಿಲ್ಲ. "ಕೋಲಣ್ಣಾ, ನಾನು ನಿಜವಾಗಿಯೂ ಬೆಳೆದೆನೇ?"

"ಇಲ್ಲ ತಮ್ಮಾ. ಸೈನಿಕರು ಕಡಿಮೆ ಬಿದ್ದಾಗಲೆಲ್ಲ ಸರ್ಕಾರದವರು ನನ್ನದೇ ಒಂದೊಂದು ತುಂಡು ಕತ್ತರಿಸಿದರು."

"ಆ ತುಂಡುಗಳನ್ನೆಲ್ಲ ಏನು ಮಾಡಿದರು?"

"ನಿನಗಿಂತ ಎತ್ತರವಿದ್ದವರ ಸಮಾಧಿಗಳ ಮೇಲೆ ಹೆಸರು ಬರೆದು ನೆಟ್ಟರು."